ಪ್ಲೇಟ್ ಹೇಳಿದ್ದೊಂದು, ಬ್ಲಾಕ್ ಹೇಳಿದ್ದೊಂದು: ಪುಣೆಯಲ್ಲಿ ಒಂದು ಎಂಜಿಎ ಎಂಜಿನ್ ಪತ್ತೆ ಹಚ್ಚಿದ್ದು

ಹಳೇ ಸ್ಪೋರ್ಟ್ಸ್ ಕಾರಿನ ಬಾನೆಟ್ ಎತ್ತಿದ ಕೂಡಲೇ ಎಲ್ಲರೂ ಬಗ್ಗಿ ನೋಡುವುದು ಎಂಜಿನ್ ನಂಬರಿನ ಪ್ಲೇಟನ್ನೇ. ನನಗೆ ಅದರ ಮೇಲೆ ನಂಬಿಕೆ ಕಡಿಮೆ. ಪ್ಲೇಟ್ ಬದಲಾಯಿಸುವುದು ಐದು ನಿಮಿಷದ ಕೆಲಸ. ಬ್ಲಾಕ್, ಅಂದರೆ ಸಿಲಿಂಡರುಗಳಿರುವ ಎಂಜಿನ್ನಿನ ಎರಕದ ಮೈ, ಬದಲಾಯಿಸಲು ಎಂಜಿನ್ ಪೂರ್ತಿ ಬಿಚ್ಚಬೇಕು. ಹಾಗಾಗಿ ಯಾವುದನ್ನು ಬದಲಾಯಿಸಲು ಜಾಸ್ತಿ ಕಷ್ಟವೋ ಅದರ ಸಾಕ್ಷಿಗೆ ಜಾಸ್ತಿ ಬೆಲೆ. ಪುಣೆಯ ಭೋಸರಿ ಕೈಗಾರಿಕಾ ಪ್ರದೇಶದ ಮಷೀನ್ ಶಾಪ್‌ನಲ್ಲಿ ಬೋರ್ (ಸಿಲಿಂಡರಿನ ಒಳ ಅಗಲ) ಅಳೆಯುವ ಗೇಜ್ ಹಿಡಿದೇ ಕೂದಲು ಬೆಳ್ಳಗಾಗಿಸಿಕೊಂಡವನು ನಾನು. ಈ ಲೆಕ್ಕಾಚಾರ ಅಲ್ಲಿಂದ ಬಂದದ್ದು.

ಧಾರವಾಡದ ಕಡೆಯ ಗೆಳೆಯನೊಬ್ಬ ಕೊಥ್ರೂಡ್‌ನಲ್ಲಿದ್ದಾನೆ. ಅವನು ಮುಂಬೈಯ ದಲ್ಲಾಳಿಯೊಬ್ಬನಿಂದ ಒಂದು ಎಂಜಿಎ ಕೊಂಡ, ಇಂಗ್ಲೆಂಡಿನ ಎಂಜಿ ಕಂಪನಿಯ ಹಳೇ ಸ್ಪೋರ್ಟ್ಸ್ ಕಾರು. ‘ಇದು 1600, ಎಂಜಿನ್ ಒರಿಜಿನಲ್’ ಅಂತ ದಲ್ಲಾಳಿ ಹೇಳಿದ್ದನಂತೆ. ಗೆಳೆಯನಿಗೆ ಗ್ಯಾಸ್ಕೆಟ್, ಬೇರಿಂಗ್ ಎಲ್ಲ ಇಂಗ್ಲೆಂಡಿನಿಂದ ತರಿಸಬೇಕಿತ್ತು. ಯಾವ ಎಂಜಿನ್ ಅಂತಲೇ ಗೊತ್ತಿಲ್ಲದೆ ಆರ್ಡರ್ ಹಾಕಿದರೆ ಕಸ್ಟಮ್ಸ್ ಕಟ್ಟಿ ಕಸ ತರಿಸಿದ ಹಾಗೆ. ‘ಒಮ್ಮೆ ಬಂದು ನೋಡಪ್ಪ’ ಅಂದ.

ಮೊದಲು ವಂಶದ ವಿಷಯ ಹೇಳಿಬಿಡುತ್ತೇನೆ. ಎಂಜಿಎ ಬಂದದ್ದು 1955ರಲ್ಲಿ. ಅದರೊಳಗಿದ್ದದ್ದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ (ಬಿಎಂಸಿ) ಕಂಪನಿಯ ಬಿ-ಸೀರೀಸ್ ಎಂಜಿನ್, 1489 ಸಿಸಿ. ಈ ಮೊದಲ ಕಾರನ್ನೇ 1500 ಅನ್ನುವುದು. 1959ರಲ್ಲಿ ಅದು 1588 ಸಿಸಿ ಆಯಿತು, ಕಾರಿನ ಹೆಸರು 1600 ಆಯಿತು. 1961ರಲ್ಲಿ ಮಾರ್ಕ್ 2 ಬಂತು, 1622 ಸಿಸಿ. ಮುಂದೆ 1962ರಲ್ಲಿ ಎಂಜಿಎ ನಂತರದ ಮಾದರಿಯಾದ ಎಂಜಿಬಿಗೆ ಇದೇ ಎಂಜಿನನ್ನು 1798 ಸಿಸಿಗೆ ಹಿಗ್ಗಿಸಿದರು. ನಡುವೆ 1588 ಸಿಸಿಯ ಟ್ವಿನ್ ಕ್ಯಾಮ್ ಕೂಡ ಇತ್ತು. ಅಂಥ ಕಾರು ತಯಾರಾದದ್ದು 2,111 ಮಾತ್ರ. ಅದರ ಅಲ್ಯೂಮಿನಿಯಂ ಹೆಡ್ (ಬ್ಲಾಕಿನ ಮೇಲಿನ ಮುಚ್ಚಳ) ದೂರದಿಂದಲೇ ಗೊತ್ತಾಗುತ್ತದೆ, ಹಾಗಾಗಿ ಅದನ್ನು ಬಿಡಿ.

ಉಳಿದವುಗಳ ತೊಡಕೇನೆಂದರೆ, ಹೊರಗಿನಿಂದ ಎಲ್ಲವೂ ಅಣ್ಣ ತಮ್ಮಂದಿರ ಹಾಗೇ ಕಾಣುತ್ತವೆ. ನಮ್ಮ ದೇಶದಲ್ಲಿ ಇದರ ಮೇಲೆ ಇನ್ನೊಂದು ತೊಡಕು ಇದೆ. ನಮ್ಮ ಅಂಬಾಸಿಡರ್‌ನಲ್ಲಿ ವರ್ಷಗಟ್ಟಲೆ ಓಡಿದ್ದೂ ಇದೇ 1489 ಸಿಸಿ ಬಿ-ಸೀರೀಸ್. ಅದೇ 73.025 ಮಿಮೀ ಬೋರ್, ಅದೇ 88.9 ಮಿಮೀ ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ). ಆಮದಿಗೆ ಬಿಗಿ ಇದ್ದ ಕಾಲದಲ್ಲಿ ಎಂಜಿಎ ಎಂಜಿನ್ ಸೀಳಿದರೆ ಮೆಕ್ಯಾನಿಕ್ ಏನು ಮಾಡಬೇಕು? ಪುಣೆಯ ನಾನಾ ಪೇಟೆಗೋ ಮುಂಬೈಯ ಕುರ್ಲಾದ ಗುಜರಿಗೋ ಹೋಗಿ ಅಂಬಾಸಿಡರ್ ಬ್ಲಾಕ್ ತಂದು ಕೂರಿಸುತ್ತಿದ್ದ. ಕಾರು ಓಡುತ್ತಿತ್ತು. ಇದನ್ನು ಮೋಸ ಅಂತ ನಾನು ಕರೆಯುವುದಿಲ್ಲ, ಅದು ಆಗಿನ ಬದುಕು. ಆದರೆ ಅದನ್ನೇ ಈಗ ‘ಒರಿಜಿನಲ್’ ಅಂತ ಮಾರಿದರೆ ಅದು ಬೇರೆ ಮಾತು.

ಕಾರಿನ ಹತ್ತಿರ ಹೋದವನು ಬಾನೆಟ್ ಎತ್ತುವ ಮೊದಲು ಮುಂದಿನ ಚಕ್ರ ಬಿಚ್ಚಿಸಿದೆ. ಡ್ರಮ್ ಬ್ರೇಕ್. ಎಂಜಿಎ 1600ಕ್ಕೆ ಮುಂದೆ ಡಿಸ್ಕ್ ಇರಬೇಕು, 1500ಕ್ಕೆ ನಾಲ್ಕೂ ಕಡೆ ಡ್ರಮ್. ಬ್ರೇಕನ್ನೂ ಬದಲಾಯಿಸಬಹುದು, ನಿಜ. ಆದರೆ ಡಿಸ್ಕ್ ತೆಗೆದು ಡ್ರಮ್ ಹಾಕುವ ಪುಣ್ಯಾತ್ಮ ಅಪರೂಪ. ಅಲ್ಲಿಗೆ ಕಾರು 1500 ಅಂತ ಮುಕ್ಕಾಲು ಪಾಲು ತೀರ್ಮಾನವಾಯಿತು. ಎಂಜಿನ್ ಯಾವುದು ಅನ್ನೋದು ಇನ್ನೂ ಬಾಕಿ.

ಪ್ಲೇಟ್ ಇರುವುದು ಬ್ಲಾಕಿನ ಬಲಬದಿಯಲ್ಲಿ, ಹೆಡ್‌ನ ಕೆಳಗೆ. ಬಟ್ಟೆಗೆ ಸೀಮೆಎಣ್ಣೆ ಹಚ್ಚಿ ಒರೆಸಿದರೆ ‘15ಜಿಬಿ/ಯು/ಎಚ್’ ಅಂತ ಕಂಡಿತು, ಮುಂದೆ ಸಂಖ್ಯೆ. ಇದನ್ನು ಓದುವುದು ಸುಲಭ. 15 ಅಂದರೆ 1500 ಸಿಸಿ ವರ್ಗ. ಜಿ ಅಂದರೆ ಎಂಜಿ. ಅದರ ಪಕ್ಕದ ಅಕ್ಷರ ಆವೃತ್ತಿ. ಯು ಅಂದರೆ ನೆಲದ ಮೇಲಿನ ಗೇರ್. ಎಚ್ ಅಂದರೆ ಹೈ ಕಂಪ್ರೆಷನ್, ಲೋ ಆಗಿದ್ದರೆ ಎಲ್. 1500ರಲ್ಲಿ ಮೊದಲು ಬಂದದ್ದು 15ಜಿಬಿ, ಆಮೇಲಿನದು 15ಜಿಡಿ. 1600ಕ್ಕೆ 16ಜಿಎ, ಮಾರ್ಕ್ 2ಕ್ಕೆ 16ಜಿಸಿ. ಅಂದರೆ ಪ್ಲೇಟ್ ಪ್ರಕಾರ ಇದು ಮೊದಲ ಆವೃತ್ತಿ. ದಲ್ಲಾಳಿಯ ‘1600’ ಅಲ್ಲಿಗೇ ಬಿತ್ತು.

ಆದರೆ ಪ್ಲೇಟನ್ನು ಹಿಡಿದಿದ್ದ ರಿವೆಟ್ ನೋಡಿ. ನಡುವೆ ತೂತು ಇರುವ ಪಾಪ್ ರಿವೆಟ್, ಅಂಗಡಿಯಲ್ಲಿ ಪೊಟ್ಟಣದಲ್ಲಿ ಸಿಗುತ್ತಲ್ಲ, ಅದೇ. ಮೂಲದಲ್ಲಿ ಅಲ್ಲಿರಬೇಕಾದದ್ದು ಸುತ್ತಿಗೆಯಲ್ಲಿ ಬಡಿದು ಕೂರಿಸುವ ಗಟ್ಟಿ ಪಿನ್ನು. ಯಾರೋ ಪ್ಲೇಟ್ ಕಿತ್ತು ಮತ್ತೆ ಹೊಡೆದಿದ್ದಾರೆ. ಬಣ್ಣವೂ ಅಷ್ಟೇ. ಎಂಜಿಎ ಎಂಜಿನ್ನಿಗೆ ಮರೂನ್ ಬಣ್ಣ ಇರುತ್ತಿತ್ತು, ಇದಕ್ಕೂ ಮರೂನ್ ಬಳಿದಿದ್ದರು. ಮೂಲೆಯಲ್ಲಿ ಬ್ಲೇಡಿನಿಂದ ಕೆರೆದರೆ ಅಡಿಯಲ್ಲಿ ಪ್ರೈಮರ್ರೂ ಇಲ್ಲ, ಹಳೇ ಬಣ್ಣದ ಪದರವೂ ಇಲ್ಲ, ನೇರ ಗ್ರೀಸು.

ಇಲ್ಲಿಂದ ಮುಂದೆ ಅಸಲು ಕೆಲಸ. 15ಜಿಬಿಗೂ 15ಜಿಡಿಗೂ ಹೊರಗಿನಿಂದ ಕಾಣುವ ದೊಡ್ಡ ವ್ಯತ್ಯಾಸ ಸ್ಟಾರ್ಟರ್ ಮೋಟಾರ್ ಕೂರುವ ಜಾಗ. ಮೊದಲಿನದರಲ್ಲಿ ಅದು ಕೆಳಗಿತ್ತು. 15ಜಿಡಿಯಲ್ಲಿ ಮೇಲಕ್ಕೆ ಎತ್ತಿದರು. ಜೊತೆಗೆ ಎಂಜಿನ್ ಹಿಂದೆ ಗೇರ್‌ಬಾಕ್ಸಿಗೆ ಸೇರುವ ಲೋಹದ ಪ್ಲೇಟೂ ಗೇರ್‌ಬಾಕ್ಸಿನ ಎರಕವೂ ಬದಲಾದವು. 1600ಕ್ಕೂ ಮೇಲಿನ ಜಾಗವೇ ಮುಂದುವರಿಯಿತು. ನಮ್ಮ ಕಾರಿನಲ್ಲಿ ಸ್ಟಾರ್ಟರ್ ಮೇಲಿತ್ತು. 15ಜಿಬಿ ಅನ್ನುವ ಪ್ಲೇಟಿಗೂ ಇದಕ್ಕೂ ತಾಳೆಯೇ ಇಲ್ಲ. ಗೇರ್‌ಬಾಕ್ಸಿನ ಹೌಸಿಂಗ್ ಸ್ಟಾರ್ಟರಿಗೆ ಸರಿಯಾಗಿ ಹೊಂದಿತ್ತು, ಫೈಲ್ ಹಾಕಿ ಉಜ್ಜಿದ ಗುರುತಿರಲಿಲ್ಲ. ಅಂದರೆ ಗೇರ್‌ಬಾಕ್ಸ್ ಮತ್ತು ಹಿಂದಿನ ಪ್ಲೇಟ್ ಒಂದೇ ಜೋಡಿ, ತಡವಾದ ಆವೃತ್ತಿಯದು. ಎಂಜಿನ್ನಿನ ನಂಬರ್ ಪ್ಲೇಟ್ ಮಾತ್ರ ಬೇರೆ ಕಾರಿನಿಂದ ಬಂದ ಅತಿಥಿ.

ಆಮೇಲೆ ಟಾರ್ಚ್ ಹಿಡಿದು ಎಡಬದಿಗೆ ಹೋದೆ. ಇಲ್ಲಿ ಸ್ವಲ್ಪ ನಿಧಾನ ಮಾಡಬೇಕು. ಬಿ-ಸೀರೀಸ್‌ನಲ್ಲಿ ಕಾರ್ಬುರೇಟರ್, ಎಕ್ಸಾಸ್ಟ್ ಎರಡೂ ಎಡಕ್ಕೇ ಇರುತ್ತವೆ.  ಅವುಗಳ ಕೊಳವೆಗಳ ಗೊಂಚಲಾದ ಮ್ಯಾನಿಫೋಲ್ಡಿನ ಅಡಿಯಲ್ಲಿ, ಬ್ಲಾಕಿನ ಹಿಂದಿನ ಮೂಲೆಯಲ್ಲಿ, ಎಂಜಿಎಗೆ ಒಂದು ಪುಟ್ಟ ಗೇರ್ ಪೆಟ್ಟಿಗೆ ಇರುತ್ತದೆ. ಕ್ಯಾಮ್‌ಶಾಫ್ಟಿನಿಂದ ತಿರುಗುವ ಅದು ಕೇಬಲ್ ಮೂಲಕ ಡ್ಯಾಶ್‌ಬೋರ್ಡಿನ ಟ್ಯಾಕೋಮೀಟರ್, ಅಂದರೆ ಎಂಜಿನ್ ಎಷ್ಟು ವೇಗವಾಗಿ ಸುತ್ತುತ್ತಿದೆ ಅಂತ ತೋರಿಸುವ ಮೀಟರ್, ಓಡಿಸುತ್ತದೆ. ಅಂಬಾಸಿಡರ್‌ನಂಥ ಸಂಸಾರಸ್ಥ ಕಾರಿಗೆ ಟ್ಯಾಕೋ ಯಾಕೆ? ಹಾಗಾಗಿ ಅಂಥ ಬ್ಲಾಕಿನಲ್ಲಿ ಆ ತೂತು ಕೊರೆದಿರುವುದಿಲ್ಲ. ನಮ್ಮದರಲ್ಲಿ ಕೈ ಹಾಕಿ ತಡವಿದೆ. ಬರೀ ಎರಕದ ಒರಟು ಮೈ. ಕೇಬಲ್ಲನ್ನು ಅಚ್ಚುಕಟ್ಟಾಗಿ ಸುತ್ತಿ ಫೈರ್‌ವಾಲಿಗೆ ತಂತಿಯಲ್ಲಿ ಕಟ್ಟಿದ್ದರು. ‘ಟ್ಯಾಕೋ ಸ್ವಲ್ಪ ಕೆಟ್ಟಿದೆ, ಅಷ್ಟೇ’ ಅಂದಿದ್ದನಂತೆ ದಲ್ಲಾಳಿ. ಪಾಪ, ಟ್ಯಾಕೋದ್ದೇನೂ ತಪ್ಪಿರಲಿಲ್ಲ.

ನನ್ನ ಜೊತೆ ಕೈಗೆಲಸಕ್ಕೆ ಬಂದಿದ್ದ ವಿಜಯಪುರದ ಹುಡುಗ ಸ್ಪಾರ್ಕ್ ಪ್ಲಗ್ ತೂತಿನಲ್ಲಿ ಸೈಕಲ್ ಕಡ್ಡಿ ಇಳಿಸಿ ಸ್ಟ್ರೋಕ್ ಅಳೆಯಲು ಹೊರಟ. ಬೇರೆ ಎಂಜಿನ್ನುಗಳಿಗೆ ಒಳ್ಳೆ ಉಪಾಯ. ಇಲ್ಲಿ ಸುಮ್ನೆ ಸಮಯ ದಂಡ. 1489ರಿಂದ 1798ರವರೆಗೆ ಎಲ್ಲದರ ಸ್ಟ್ರೋಕ್ ಒಂದೇ, 88.9 ಮಿಮೀ. ಬದಲಾದದ್ದು ಬೋರ್ ಮಾತ್ರ. 73.025, ಆಮೇಲೆ 75.41, ಆಮೇಲೆ 76.2, ಎಂಜಿಬಿಗೆ 80.26.

ಹಾಗಾಗಿ ಹೆಡ್ ಬಿಚ್ಚಿದೆವು. ಗ್ಯಾಸ್ಕೆಟ್ ಹೇಗೂ ಹೊಸದು ಬೇಕಿತ್ತು. ಹೆಡ್ ಮೇಲೆ ಎರಕದಲ್ಲೇ ‘15’ ಅಂತ ಇತ್ತು. ಎಂಜಿಎ 1500ಕ್ಕೂ 1600ಕ್ಕೂ ಇದೇ ಗುರುತು, ಮಾರ್ಕ್ 2ರ ಹೆಡ್ಡಿಗೆ ‘16’. ಇನ್‌ಲೆಟ್ ವಾಲ್ವ್ ಅಳತೆ ಒಂದೂವರೆ ಇಂಚು, ಅಂದರೆ 38.1 ಮಿಮೀ. ಎಂಜಿನಿಯರ್ ಹ್ಯಾರಿ ವೆಸ್ಲೇಕ್ ರೂಪಿಸಿದ ಹೃದಯದಾಕಾರದ ಕಂಬಷನ್ ಚೇಂಬರ್‌ಗಳು ಚೆನ್ನಾಗಿ ಉಳಿದಿದ್ದವು. ಎಸ್‌ಯು ಕಂಪನಿಯ ಅವಳಿ ಕಾರ್ಬುರೇಟರ್ ಕೂಡ ಸರಿಯಾದವೇ, ಒಂದೂವರೆ ಇಂಚಿನ ಎಚ್4. ಮೇಲ್ಭಾಗ ಎಂಜಿಎದೇ ಅನ್ನುವುದು ಖಾತ್ರಿಯಾಯಿತು.

ಈಗ ಬೋರ್. ಎಷ್ಟೋ ಜನ ವರ್ನಿಯರ್ ತಂದು ಸಿಲಿಂಡರಿನ ಬಾಯಲ್ಲಿ ಇಟ್ಟು ಓದಿ ಬಿಡುತ್ತಾರೆ. ಆದರೆ ಪಿಸ್ಟನ್ ರಿಂಗ್ ಓಡಾಡುವ ಜಾಗದಲ್ಲಿ, ಅದರಲ್ಲೂ ಮೇಲ್ತುದಿಯ ಹತ್ತಿರ, ಸವಕಳಿ ಜಾಸ್ತಿ. ಮೂಲ ಅಳತೆ ಬೇಕಾದರೆ ಬೋರ್ ಗೇಜನ್ನು ರಿಂಗ್ ತಲುಪದ ತಳಕ್ಕೆ ಇಳಿಸಬೇಕು. ಪಿಸ್ಟನ್ನನ್ನು ತೀರಾ ಕೆಳಗೆ ಇಳಿಸಿದರೂ ಅದು ದಾರಿಗೆ ಅಡ್ಡ ಇರುತ್ತದೆ. ಹಾಗಾಗಿ ಸಂಪ್ (ತಳದ ಎಣ್ಣೆ ತೊಟ್ಟಿ) ಬಿಚ್ಚಿ ಒಂದು ಪಿಸ್ಟನ್ ಹೊರಗೆ ತೆಗೆದೆವು. ತಳದಲ್ಲಿ 74.05 ಬಂತು. ಮೇಲೆ 74.16.

74.05 ಅಂದರೆ ಏನು? 73.025ಕ್ಕೆ 40 ಥೌ ಓವರ್‌ಸೈಜ್, ಅಂದರೆ ಸವೆದ ಸಿಲಿಂಡರನ್ನು ಕೊರೆದು ಹಿಗ್ಗಿಸಿದ್ದನ್ನು, ಸೇರಿಸಿ. ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು. 2.875 ಇಂಚು ಮತ್ತು 0.040, ಒಟ್ಟು 2.915 ಇಂಚು, ಅಂದರೆ 74.04 ಮಿಮೀ. ಪಿಸ್ಟನ್ ತಲೆಯ ಮೇಲಿನ ಕಿಟ್ಟವನ್ನು ಮರದ ಚಕ್ಕೆಯಿಂದ ಮೆಲ್ಲಗೆ ಕೆರೆದರೆ ‘040’ ಅಂತ ಗುದ್ದಿದ ಅಕ್ಷರ ಎದ್ದಿತು. 1489ರ ಬ್ಲಾಕ್, ಟ್ಯಾಕೋ ತೂತಿಲ್ಲದ್ದು. ಹೆಡ್ ಎಂಜಿಎದ್ದು, ಕೆಳಗಿನ ಹೊಟ್ಟೆ ಅಂಬಾಸಿಡರ್‌ನ ಕಡೆಯದು.

1489ನ್ನು 60 ಥೌವರೆಗೆ ಕೊರೆದರೂ 74.55 ಆಗುತ್ತದೆ, 1588ರ 75.41ಕ್ಕೆ ಇನ್ನೂ ದೂರ. ಆದ್ದರಿಂದ ಇಲ್ಲಿ ಗೊಂದಲ ಇಲ್ಲ. ನಿಜವಾದ ಗೊಂದಲ ಮುಂದಿನ ಜೋಡಿಯಲ್ಲಿದೆ. 1588ರ ಬೋರ್ 2.969 ಇಂಚು. ಅದನ್ನು 30 ಥೌ ಕೊರೆಸಿದರೆ 2.999. ಮಾರ್ಕ್ 2ರ ಹೊಸ ಬೋರ್ 3.000. ವ್ಯತ್ಯಾಸ ಒಂದೇ ಥೌ! ಸವಕಳಿಯೇ ಅದಕ್ಕಿಂತ ಜಾಸ್ತಿ ಇರುತ್ತದೆ. ಬೋರ್ ಅಳೆದು ‘ಇದು 1622’ ಅಂತ ಘೋಷಿಸುವವರ ಮುಂದೆ ನಾನು ‘ಪಿಸ್ಟನ್ ತಲೆ ತೋರಿಸಿ’ ಅನ್ನುತ್ತೇನೆ. ಅಲ್ಲಿ ‘030’ ಇದ್ದರೆ ಅದು ಹಿಗ್ಗಿಸಿದ 1588, ಮುಗೀತು.

ಎಂಜಿಬಿ ಎಂಜಿನ್ ಇಟ್ಟುಕೊಂಡವರೂ ಕೇಳುತ್ತಿರುತ್ತಾರೆ, ಅದಕ್ಕೂ ಎರಡು ಮಾತು. ಅದರಲ್ಲಿ ಮೊದಲಿನವು 18ಜಿ ಮತ್ತು 18ಜಿಎ, ಪಿಸ್ಟನ್ನುಗಳು ತಿರುಗಿಸುವ ದಂಡವಾದ ಕ್ರ್ಯಾಂಕಿಗೆ ಮೂರು ಮೇನ್ ಬೇರಿಂಗ್. 1964ರ ಕೊನೆಯ ಹೊತ್ತಿಗೆ ಬಂದ 18ಜಿಬಿಯಿಂದ ಐದು ಬೇರಿಂಗ್. ಸಂಪ್ ಬಿಚ್ಚಿ ಬೇರಿಂಗ್ ಕ್ಯಾಪ್ ಎಣಿಸಿದರೆ ಆಯಿತು. ಬಿಚ್ಚದೆ ತಿಳಿಯಬೇಕಾದರೆ ಟ್ಯಾಕೋ ನೋಡಿ: ಮೂರು ಬೇರಿಂಗ್‌ನವಕ್ಕೆ ಕೇಬಲ್, 18ಜಿಬಿಗೆ ವಿದ್ಯುತ್ತಿನದು. ಪಿಸ್ಟನ್ ಕೈಗೆ ಬಂದರೆ ಅದನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಗಜನ್ ಪಿನ್ ಕೂಡ ಹೇಳುತ್ತದೆ. ಮೊದಲಿನವುಗಳಲ್ಲಿ ಕನೆಕ್ಟಿಂಗ್ ರಾಡ್ ಪಿನ್ನನ್ನು ಬೋಲ್ಟಿನಿಂದ ಬಿಗಿ ಹಿಡಿದಿರುತ್ತದೆ, 18ಜಿಬಿಯಲ್ಲಿ ಪಿನ್ ಪೂರ್ತಿ ಸಡಿಲ, ಎರಡೂ ತುದಿಗೆ ಸರ್ಕ್ಲಿಪ್. 18ಜಿಡಿಯಿಂದ ಒತ್ತಿ ಕೂರಿಸಿದ್ದು. ಎಂಜಿಎದಲ್ಲಿ ಈ ಬೇರಿಂಗ್ ತಲೆನೋವಿಲ್ಲ, ಅದರ ಪುಶ್‌ರಾಡ್ (ಟ್ವಿನ್ ಕ್ಯಾಮ್ ಅಲ್ಲದ) ಎಂಜಿನ್ನುಗಳಿಗೆಲ್ಲ ಮೂರೇ.

ಗೆಳೆಯನಿಗೆ ಬೇಜಾರಾಯಿತು, ಸಹಜ. ಅವನ ಆಸೆ ವಿಂಟೇಜ್ ವಾಹನಕ್ಕೆ ಕೊಡುವ ‘ವಿಎ’ ನಂಬರಿನ ಮೇಲಿತ್ತು. 2021ರ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ. ಆದರೆ ಚಾಸಿ, ಬಾಡಿ ಶೆಲ್, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಇದಲ್ಲದೆ ಆರ್‌ಸಿಯಲ್ಲಿದ್ದದ್ದು ಆ ಪಾಪ್ ರಿವೆಟ್ ಪ್ಲೇಟಿನ ನಂಬರೇ. ಆ ಪ್ಲೇಟ್ ಈ ಬ್ಲಾಕಿಗೆ ಸೇರಿದ್ದಲ್ಲ ಅಂತ ಗೊತ್ತಾದ ಮೇಲೆ ಬಾಯಿ ಮುಚ್ಚಿಕೊಂಡು ಅರ್ಜಿ ಹಾಕುವುದು ಬೇಡ, ಮೊದಲು ಆರ್‌ಟಿಓದಲ್ಲಿ ಎಂಜಿನ್ ಬದಲಾದದ್ದನ್ನು ದಾಖಲಿಸು ಅಂದೆ. ಒರಿಜಿನಲ್ ಬ್ಲಾಕ್ ಹುಡುಕುವ ಹುಚ್ಚು ಹಿಡಿಸಿಕೊಳ್ಳಬೇಡ ಅಂತಲೂ ಅಂದೆ. ಓಡಿಸಲು ಈ ಎಂಜಿನ್ ಚೆನ್ನಾಗಿಯೇ ಇದೆ. ಬೇರಿಂಗ್, ರಿಂಗ್ ಎಲ್ಲ ನಾನಾ ಪೇಟೆಯಲ್ಲೇ ಸಿಗುತ್ತವೆ, ಬೆಲೆಯೂ ಕಮ್ಮಿ. ಇಂಗ್ಲೆಂಡಿನ ಆರ್ಡರ್ ಪಟ್ಟಿಯಲ್ಲಿ ಅರ್ಧಕ್ಕೂ ಜಾಸ್ತಿ ಗೆರೆ ಹೊಡೆದೆವು. ಉಳಿಸಿಕೊಂಡದ್ದು ಹೆಡ್ಡಿನ ವಾಲ್ವ್, ಕಾರ್ಬುರೇಟರ್ ಕಿಟ್, ಗೇರ್‌ಬಾಕ್ಸಿನ ಸೀಲು. ಅವಕ್ಕೆ ಮಾತ್ರ ತಡವಾದ 1500ರ ಪಾರ್ಟ್ ನಂಬರೇ ಹಾಕಿದ್ದೇವೆ, ಪ್ಲೇಟಿನ 15ಜಿಬಿಯದಲ್ಲ.

ಟ್ಯಾಕೋಗೆ ಬ್ಲಾಕ್ ಕೊರೆದು ಡ್ರೈವ್ ಕೂರಿಸೋಣ ಅಂತ ಹುಡುಗ ಹಟ ಹಿಡಿದಿದ್ದಾನೆ. ಕ್ಯಾಮ್‌ಶಾಫ್ಟಿಗೂ ಅದಕ್ಕೆ ಬೇಕಾದ ಗೇರ್ ಇರಬೇಕಲ್ಲ, ಬರೀ ತೂತು ಕೊರೆದು ಏನು ಮಾಡೋದು ಅಂತ ಕೇಳಿದೆ. ಹಳೇ ಮೀಟರಿನ ಹೊಟ್ಟೆಯೊಳಗೆ ಎಲೆಕ್ಟ್ರಾನಿಕ್ ಮೂವ್‌ಮೆಂಟ್ ಕೂರಿಸಿ, ಇಗ್ನಿಷನ್ ಕಾಯಿಲ್‌ನಿಂದ ವೈರ್ ಎಳೆದರೆ ಮುಳ್ಳು ತಿರುಗುತ್ತದೆ. ಮುಖ ಹಳೆಯದೇ ಉಳಿಯುತ್ತದೆ. ಆ ಮೀಟರನ್ನು ಬಿಚ್ಚಿ ಈಗ ನನ್ನ ಟೇಬಲ್ ಮೇಲೆ ಇಟ್ಟುಕೊಂಡಿದ್ದೇನೆ.