ದೋಣಿಗೂ ಟ್ರೇಲರ್‌ಗೂ ತುರ್ತು ರಿಪೇರಿ ಡಬ್ಬಿ

ಸಣ್ಣ ದೋಣಿ ಇಟ್ಟುಕೊಂಡವರು ಎಂಜಿನ್ ಬಗ್ಗೆಯೇ ತಲೆಕೆಡಿಸಿಕೊಳ್ಳುತ್ತಾರೆ, ಆದರೆ ನನಗೆ ಜಾಸ್ತಿ ಕೈಕೊಟ್ಟಿದ್ದು ಅದನ್ನು ಹೊತ್ತು ಕಾರಿನ ಹಿಂದೆ ಬರುವ ಟ್ರೇಲರ್. ದೋಣಿ ಇಳಿಸುವಾಗ, ದೂರ ಓಡಿ ಬಿಸಿಯಾದ ಹಬ್ (ಚಕ್ರದ ನಡುವೆ ಬೇರಿಂಗ್ ಕೂರುವ ಭಾಗ) ಅನ್ನು ಹಾಗೇ ನೀರಿಗೆ ಇಳಿಸಿದರೆ ಒಳಗಿನ ಗಾಳಿ ತಣ್ಣಗಾಗಿ ಕುಗ್ಗಿ, ಸೀಲ್ ಸವೆದಿದ್ದರೆ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ, ಆಮೇಲೆ ಬೇರಿಂಗ್‌ಗೆ ತುಕ್ಕು. ಅದಕ್ಕೇ ಒಂದು ಸೆಟ್ ಬೇರಿಂಗ್, ಗ್ರೀಸ್ ಸೀಲ್, ಸ್ಪ್ಲಿಟ್ ಪಿನ್, ನೀರಿಗೆ ತಡೆಯುವ ಗ್ರೀಸ್ ಇಟ್ಟುಕೊಳ್ಳಿ. ದಾರಿಯಲ್ಲಿ ನಿಲ್ಲಿಸಿದಾಗ ಹಬ್ ಹತ್ತಿರ ಕೈ ಒಡ್ಡಿ ನೋಡಿ. ಒಂದು ಕಡೆ ಮಾತ್ರ ಜಾಸ್ತಿ ಕಾದಿದ್ದರೆ ಮುಂದೆ ಹೋಗಬೇಡಿ.

ಸ್ಟೆಪ್ನಿ ಇದ್ದರೆ ಸಾಲದು. ಕಾರಿನ ಜಾಕ್ ಟ್ರೇಲರ್ ಕೆಳಗೆ ಕೂರುತ್ತದಾ, ವೀಲ್ ಸ್ಪ್ಯಾನರ್ ಅದರ ನಟ್‌ಗೆ ಹಿಡಿಯುತ್ತದಾ ಅಂತ ಮನೆಯಲ್ಲೇ ಒಮ್ಮೆ ಬಿಚ್ಚಿ ನೋಡಿ. ನಾನು ನೋಡಿರಲಿಲ್ಲ. ಮಳೆಯಲ್ಲಿ ರಸ್ತೆ ಪಕ್ಕ ನಿಂತು ಕಲಿತೆ!

ದೋಣಿಯ ಡಬ್ಬಿಗೆ ಸ್ಪಾರ್ಕ್ ಪ್ಲಗ್, ಅದನ್ನು ಬಿಚ್ಚುವ ಸ್ಪ್ಯಾನರ್, ಫ್ಯೂಸ್, ಹೋಸ್ ಕ್ಲಿಪ್, ಇನ್ಸುಲೇಶನ್ ಟೇಪ್, ಕೇಬಲ್ ಟೈ, ಇಕ್ಕಳ, ಟಾರ್ಚ್ ಸಾಕು. ನಿಮ್ಮ ಎಂಜಿನ್‌ಗೆ ಶಿಯರ್ ಪಿನ್ ಇದ್ದರೆ ಎರಡು ಜಾಸ್ತಿಯೇ ಇರಲಿ, ಪ್ರೊಪೆಲರ್ ಕಲ್ಲಿಗೆ ಬಡಿದಾಗ ಗೇರ್ ಉಳಿಸಲು ಮೊದಲು ಮುರಿಯುವುದು ಅದೇ ಅಲ್ವಾ. ಅದರ ಜಾಗಕ್ಕೆ ಸುಮ್ನೆ ಮೊಳೆ ತುರುಕಬೇಡಿ. ದೋಣಿಯ ತಳದ ಡ್ರೇನ್ ಪ್ಲಗ್ ಕೂಡ ಇನ್ನೊಂದು ಇರಲಿ, ಕಳೆದುಹೋಗುವುದು ಯಾವಾಗಲೂ ಅದೇ.

ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿಡಿ. ಟ್ರೇಲರಿನದು ಕಾರಲ್ಲೇ ಇರಲಿ, ದೋಣಿಯದು ನೀರು ನುಗ್ಗದ ಡಬ್ಬಿಯಲ್ಲಿ.