ಡೀಸೆಲ್ ವ್ಯಾನ್‌ಗೆ ಎರಡನೇ ಬ್ಯಾಟರಿ: ಲೆಕ್ಕ, ತಂತಿ ಮತ್ತು ಜೋಡಣೆ

ಡೀಸೆಲ್ ಇಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಸುಮಾರು 16ನೇ ಒಂದು ಭಾಗಕ್ಕೆ ಒತ್ತಿದಾಗ ಹುಟ್ಟುವ ಶಾಖದಲ್ಲಿಯೇ ಇಂಧನ ಹೊತ್ತಿಕೊಳ್ಳಬೇಕು. ಈ ಒತ್ತಡಕ್ಕೆ ಎದುರಾಗಿ ಇಂಜಿನ್ನನ್ನು ತಿರುಗಿಸುವ ಸೆಲ್ಫ್ ಮೋಟರ್ ಕೆಲವು ಸೆಕೆಂಡುಗಳ ಮಟ್ಟಿಗೆ ನೂರಾರು ಆ್ಯಂಪ್ ಎಳೆಯುತ್ತದೆ. ಇಂಜಿನ್ ತಣ್ಣಗಿದ್ದರೆ, ಸಿಲಿಂಡರನ್ನು ಮುಂಚೆಯೇ ಬಿಸಿ ಮಾಡುವ ಗ್ಲೋ ಪ್ಲಗ್‌ಗಳು ಅದಕ್ಕೂ ಮೊದಲೇ ತಮ್ಮ ಪಾಲನ್ನು ತೆಗೆದುಕೊಂಡಿರುತ್ತವೆ. ಹೀಗಿರುವಾಗ ರಾತ್ರಿಯಿಡೀ ಫ್ರಿಜ್, ಫ್ಯಾನ್, ದೀಪಗಳನ್ನು ಅದೇ ಬ್ಯಾಟರಿಯಿಂದ ನಡೆಸಿದರೆ ಬೆಳಿಗ್ಗೆ ಕೀಲಿ ತಿರುಗಿಸಿದಾಗ ‘ಟಿಕ್’ ಎಂಬ ಸದ್ದಷ್ಟೇ ಕೇಳಿಸುತ್ತದೆ. ಮೂಲ ಬ್ಯಾಟರಿಯನ್ನು ಇಂಜಿನ್ ಚಾಲೂ ಮಾಡುವುದಕ್ಕೆ ಮಾತ್ರ ಮೀಸಲಿಟ್ಟು, ಉಳಿದ ಬಳಕೆಗೆಲ್ಲ ಎರಡನೆಯದೊಂದನ್ನು ಕೂರಿಸಿ, ಎರಡನ್ನೂ ಒಂದೇ ಆಲ್ಟರ್ನೇಟರ್‌ನಿಂದ (ಇಂಜಿನ್ ತಿರುಗಿಸುವ ವಿದ್ಯುತ್ ಉತ್ಪಾದಕದಿಂದ) ತುಂಬಿಸುವುದು ಇದಕ್ಕೆ ಪರಿಹಾರ. ಇಲ್ಲಿನ ಲೆಕ್ಕಗಳೆಲ್ಲ 12 ವೋಲ್ಟ್‌ನ ವ್ಯಾನ್‌ಗಳಿಗೆ ಅನ್ವಯಿಸುತ್ತವೆ. ನಿಮ್ಮ ವಾಹನದ್ದು 24 ವೋಲ್ಟ್ ಆಗಿದ್ದರೆ ಉಪಕರಣ, ತಂತಿ, ಫ್ಯೂಸ್ ಎಲ್ಲವನ್ನೂ ಬೇರೆಯಾಗಿಯೇ ಆರಿಸಬೇಕು.

ಎಷ್ಟು ದೊಡ್ಡ ಬ್ಯಾಟರಿ ಬೇಕು?

ಅಂಗಡಿಗೆ ಹೋಗುವ ಮೊದಲು ಒಂದು ದಿನದ ಬಳಕೆಯನ್ನು ಕಾಗದದ ಮೇಲೆ ಬರೆದುಕೊಳ್ಳಿ. 12 ವೋಲ್ಟ್‌ನ ಕಂಪ್ರೆಸರ್ ಫ್ರಿಜ್ ಓಡುವಾಗ 4 ಆ್ಯಂಪ್ ಎಳೆಯುತ್ತದೆ, ದಿನದ 40 ಶೇಕಡಾ ಹೊತ್ತು ಓಡುತ್ತದೆ ಎಂದುಕೊಂಡರೆ 24 ಗಂಟೆಗೆ ಸುಮಾರು 38 ಆ್ಯಂಪ್-ಅವರ್ (ಆ್ಯಂಪನ್ನು ಗಂಟೆಯಿಂದ ಗುಣಿಸಿದ್ದು) ಆಯಿತು. ತಲಾ 5 ವ್ಯಾಟ್‌ನ ನಾಲ್ಕು ಎಲ್‌ಇಡಿ ದೀಪಗಳು 4 ಗಂಟೆ ಉರಿದರೆ 7, ಒಂದೂವರೆ ಆ್ಯಂಪ್‌ನ ಫ್ಯಾನ್ 8 ಗಂಟೆ ತಿರುಗಿದರೆ 12, ಫೋನು ಮತ್ತು ಲ್ಯಾಪ್‌ಟಾಪ್‌ಗೆ 8 ಎಂದಿಟ್ಟುಕೊಳ್ಳಿ. ಒಟ್ಟು 65ರ ಆಸುಪಾಸು.

ಇಷ್ಟಕ್ಕೆ 65 ಆ್ಯಂಪ್-ಅವರ್‌ನ ಬ್ಯಾಟರಿ ಸಾಲದು. ಸೀಸ-ಆಮ್ಲದ ಬ್ಯಾಟರಿಯನ್ನು, ಅದು ನೀರು ಹಾಕಬೇಕಿಲ್ಲದ, ಮುಚ್ಚಿದ ಎಜಿಎಂ ಬಗೆಯದಾಗಿದ್ದರೂ, ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಅದರ ಆಯುಸ್ಸು ಬೇಗ ಮುಗಿಯುತ್ತದೆ. ಆದ್ದರಿಂದ ಅದೇ ಬಳಕೆಗೆ 130 ಆ್ಯಂಪ್-ಅವರ್ ಬೇಕಾಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನಾದರೆ 80 ಶೇಕಡಾದಷ್ಟು ಬಳಸಬಹುದಾದ್ದರಿಂದ 100 ಆ್ಯಂಪ್-ಅವರ್ ಸಾಕು. ತೂಕವೂ ಅರ್ಧಕ್ಕಿಂತ ಕಡಿಮೆ. ಅದರ ಬೆಲೆ ಹೆಚ್ಚು, ಮತ್ತು ಶೂನ್ಯ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು. ಇಂಜಿನ್ ಚಾಲೂ ಮಾಡುವ ಬ್ಯಾಟರಿಯನ್ನೇ ಇನ್ನೊಂದು ತಂದು ಹಿಂದೆ ಇಡುವ ಉಪಾಯ ಮಾತ್ರ ಬೇಡ. ಒಮ್ಮೆಲೇ ದೊಡ್ಡ ಕರೆಂಟ್ ಕೊಡಲೆಂದು ಅದರ ಸೀಸದ ತಟ್ಟೆಗಳನ್ನು ತೆಳ್ಳಗೆ ಮಾಡಿರುತ್ತಾರೆ, ಆಳವಾಗಿ ಖಾಲಿಯಾಗಿ ಮತ್ತೆ ತುಂಬುವ ಕೆಲಸ ಅವಕ್ಕೆ ಒಗ್ಗುವುದಿಲ್ಲ.

ಎರಡರ ನಡುವೆ ಏನಿರಬೇಕು?

ಎರಡು ಬ್ಯಾಟರಿಗಳನ್ನು ಕೈಯಿಂದ ತಿರುಗಿಸುವ ಸ್ವಿಚ್ಚಿನಿಂದಲೂ ಜೋಡಿಸಬಹುದು, ಆದರೆ ಇಂಜಿನ್ ನಿಲ್ಲಿಸಿದಾಗಲೆಲ್ಲ ನೆನಪಿಟ್ಟು ಅದನ್ನು ಬಿಡಿಸುವವರು ಅಪರೂಪ. ಹಳೆಯ ವ್ಯಾನ್‌ಗಳಲ್ಲಿ ಬಹುಕಾಲದಿಂದ ನಡೆದುಬಂದಿರುವುದು ವೋಲ್ಟೇಜ್ ನೋಡಿಕೊಂಡು ಕೆಲಸ ಮಾಡುವ ರಿಲೇ. ಇಂಜಿನ್ ಓಡುತ್ತಿದ್ದು ಮೂಲ ಬ್ಯಾಟರಿ ಸುಮಾರು 13.3 ವೋಲ್ಟ್ ಮುಟ್ಟಿದಾಗ ಅದು ಎರಡನ್ನೂ ಕೂಡಿಸುತ್ತದೆ, 12.8ಕ್ಕೆ ಇಳಿದಾಗ ಬೇರ್ಪಡಿಸುತ್ತದೆ.

ಹೊಸ ಡೀಸೆಲ್ ವ್ಯಾನ್‌ಗಳಲ್ಲಿ ಈ ರಿಲೇಯನ್ನು ನೆಚ್ಚಿಕೊಳ್ಳಲಾಗದು. ಇಂಧನ ಉಳಿಸುವ ಸಲುವಾಗಿ ಅವುಗಳ ಕಂಪ್ಯೂಟರ್, ಬ್ಯಾಟರಿ ತುಂಬಿದೆ ಎನಿಸಿದೊಡನೆ ಆಲ್ಟರ್ನೇಟರ್‌ನ ವೋಲ್ಟೇಜನ್ನು 12.5ರ ಹತ್ತಿರಕ್ಕೂ ಇಳಿಸುತ್ತದೆ, ಇಳಿಜಾರಿನಲ್ಲಿ ಅಥವಾ ಬ್ರೇಕ್ ಒತ್ತಿದಾಗ 15ರ ಸಮೀಪಕ್ಕೂ ಏರಿಸುತ್ತದೆ. ರಿಲೇ ಆಗ ಕೂಡುತ್ತಾ ಬಿಡುತ್ತಾ ಇರುತ್ತದೆಯೇ ಹೊರತು ಹಿಂಬದಿಯಲ್ಲಿರುವ ಎರಡನೇ ಬ್ಯಾಟರಿ ಎಂದೂ ಪೂರ್ತಿ ತುಂಬುವುದಿಲ್ಲ. ನಿಮ್ಮ ವ್ಯಾನ್ ಯಾವ ಬಗೆಯದೆಂದು ತಿಳಿಯಬೇಕಾದರೆ ಜೊತೆಗಿರುವವರ ಕೈಗೆ ಮಲ್ಟಿಮೀಟರ್ ಕೊಟ್ಟು ಅರ್ಧ ಗಂಟೆ ಓಡಿಸಿ ನೋಡಿ. ಮೂಲ ಬ್ಯಾಟರಿಯ ಮೇಲೆ ಆಗಲೂ 14 ವೋಲ್ಟ್‌ನ ಆಸುಪಾಸು ಸ್ಥಿರವಾಗಿದ್ದರೆ ಅದು ಹಳೆಯ ಬಗೆ, 13ರ ಕೆಳಗೂ ಮೇಲೂ ಓಲಾಡುತ್ತಿದ್ದರೆ ಹೊಸದು.

ಹೊಸ ಬಗೆಗೂ, ಹಿಂದೆ ಲಿಥಿಯಂ ಇಡುವವರಿಗೂ ಸರಿಹೊಂದುವುದು ಡಿಸಿ-ಡಿಸಿ ಚಾರ್ಜರ್. ಮುಂದಿನ ಮೂಲ ಬ್ಯಾಟರಿಯ ಕಡೆಯಿಂದ ಎಷ್ಟೇ ವೋಲ್ಟ್ ಬಂದರೂ ಅದು ಹಿಂದಿನ ಬ್ಯಾಟರಿಗೆ ತಕ್ಕ 14.4ರಂತಹ ಮಟ್ಟವನ್ನು ತಾನೇ ತಯಾರಿಸಿಕೊಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಕರೆಂಟಿಗೆ ಮಿತಿ ಹಾಕುತ್ತದೆ. ಲಿಥಿಯಂ ಬ್ಯಾಟರಿಯ ಆಂತರಿಕ ಪ್ರತಿರೋಧ ಬಹಳ ಕಡಿಮೆಯಾದ್ದರಿಂದ ಅದನ್ನು ನೇರವಾಗಿ ಜೋಡಿಸಿದರೆ ಆಲ್ಟರ್ನೇಟರ್ ಕೊಟ್ಟಷ್ಟನ್ನೂ ನುಂಗುತ್ತದೆ; ಇಂಜಿನ್ ನಿಧಾನವಾಗಿ ತಿರುಗುತ್ತಾ ಗಾಳಿಯ ತಂಪು ಸಾಲದಿರುವಾಗ ಆಲ್ಟರ್ನೇಟರ್‌ನ ಸುರುಳಿಗಳೇ ಸುಡಬಹುದು. ಮೇಲಿನ ಬಳಕೆಗೆ 30 ಆ್ಯಂಪ್‌ನ ಚಾರ್ಜರ್ ಧಾರಾಳವಾಗಿ ಸಾಕು: ಲಿಥಿಯಂ ಆದರೆ ಎರಡು ಗಂಟೆಗಿಂತ ಸ್ವಲ್ಪ ಹೆಚ್ಚಿನ ಪ್ರಯಾಣದಲ್ಲಿ 65 ಆ್ಯಂಪ್-ಅವರ್ ಮರಳಿ ಬರುತ್ತದೆ. ಸೀಸದ ಬ್ಯಾಟರಿ ಕೊನೆಯ ಐದನೇ ಒಂದು ಪಾಲನ್ನು ತನ್ನದೇ ನಿಧಾನದಲ್ಲಿ ಹೀರಿಕೊಳ್ಳುವುದರಿಂದ ಅದಕ್ಕೆ ಇನ್ನೂ ಹಲವು ಗಂಟೆ ಬೇಕು.

ತಂತಿಯ ದಪ್ಪ

ಬ್ಯಾಟರಿಗೆ ಧಾರಾಳವಾಗಿ ಖರ್ಚು ಮಾಡಿ ತಂತಿಯಲ್ಲಿ ಉಳಿಸಲು ಹೋಗುವವರೇ ಹೆಚ್ಚು. 30 ಆ್ಯಂಪ್‌ನ ಚಾರ್ಜರ್ ಮುಂದಿನ ಬ್ಯಾಟರಿಯಿಂದ ಎಳೆಯುವುದು 30 ಆ್ಯಂಪ್ ಅಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಅದು ಹೊರಗೆ ಕೊಡುವುದು 14.4 ವೋಲ್ಟ್‌ನಲ್ಲಿ 30 ಆ್ಯಂಪ್, ಅಂದರೆ 432 ವ್ಯಾಟ್. ಹತ್ತರಲ್ಲೊಂದು ಪಾಲು ಚಾರ್ಜರಿನೊಳಗೇ ಶಾಖವಾಗಿ ಹೋಗುತ್ತದೆಂದರೆ ಒಳಗೆ 480 ವ್ಯಾಟ್ ಬೇಕು. ಬರುವ ವೋಲ್ಟೇಜ್ 12ಕ್ಕೆ ಇಳಿದಿದ್ದರೆ ಅದು 40 ಆ್ಯಂಪ್ ಆಗುತ್ತದೆ.

ಮುಂದಿನ ಬ್ಯಾಟರಿಯಿಂದ ಚಾರ್ಜರ್‌ವರೆಗೆ 5 ಮೀಟರ್, ಹಿಂದಿರುಗುವ ನೆಗೆಟಿವ್ ತಂತಿಯೂ ಸೇರಿ 10 ಮೀಟರ್ ತಾಮ್ರ ಎನ್ನೋಣ. 6 ಚದರ ಮಿಲಿಮೀಟರ್‌ನ ತಂತಿ ಹಾಕಿದರೆ ದಾರಿಯಲ್ಲಿಯೇ 1.17 ವೋಲ್ಟ್ ಕಳೆದುಹೋಗಿ, 47 ವ್ಯಾಟ್ ತಂತಿಯನ್ನು ಬಿಸಿ ಮಾಡುವುದಕ್ಕೇ ಖರ್ಚಾಗುತ್ತದೆ. 16 ಚದರ ಮಿಲಿಮೀಟರ್ ಆದರೆ ನಷ್ಟ 0.44 ವೋಲ್ಟ್, 25 ಆದರೆ 0.28. ಈ ಉದ್ದಕ್ಕೆ 16ಕ್ಕಿಂತ ಸಣ್ಣದು ಬೇಡ. ರಿಲೇ ಹಾಕುವವರು ಇನ್ನೂ ದಪ್ಪಕ್ಕೆ ಹೋಗಬೇಕು, ಏಕೆಂದರೆ ಖಾಲಿಯಾದ ಬ್ಯಾಟರಿಯೊಂದಿಗೆ ಅದು ಕೂಡಿದ ಗಳಿಗೆಯಲ್ಲಿ ಹರಿಯುವ ಕರೆಂಟಿಗೆ ಮಿತಿ ಹಾಕುವವರೇ ಇರುವುದಿಲ್ಲ. ಎಳೆಗಳು ಸಣ್ಣವೂ ಹಲವೂ ಆಗಿರುವ, ಬಳುಕುವ ತಂತಿಯನ್ನೇ ಕೊಳ್ಳಿ. ಗೋಡೆಯೊಳಗೆ ಹಾಕುವ ಗಟ್ಟಿ ತಂತಿ ವಾಹನದ ಅದುರುವಿಕೆಗೆ ಕ್ರಮೇಣ ತುಂಡಾಗುತ್ತದೆ.

ಫ್ಯೂಸ್ ಎರಡೂ ತುದಿಗಳಲ್ಲಿ ಇರಲೇಬೇಕು. ಸಾಮಾನ್ಯ ಉಪಕರಣದ ತಂತಿಗೆ ಒಂದೇ ಕಡೆಯಿಂದ ವಿದ್ಯುತ್ ಬರುತ್ತದೆ. ಇಲ್ಲಿ ಎರಡೂ ತುದಿಗಳಲ್ಲಿ ಬ್ಯಾಟರಿಗಳಿವೆ. ನಡುವೆ ಎಲ್ಲಾದರೂ ಹೊದಿಕೆ ಹರಿದು ತಾಮ್ರ ಬಾಡಿಗೆ ತಾಗಿದರೆ, ಮುಂದಿನ ಫ್ಯೂಸ್ ಹಾರಿದ ಮೇಲೂ ಹಿಂದಿನ ಬ್ಯಾಟರಿ ಆ ಜಾಗಕ್ಕೆ ಕರೆಂಟ್ ಸುರಿಯುತ್ತಲೇ ಇರಬಹುದು. ಪ್ರತಿ ಪಾಸಿಟಿವ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ ಫ್ಯೂಸ್ ಕೂರಿಸಿ. ಮೇಲಿನ ಉದಾಹರಣೆಗೆ 60 ಆ್ಯಂಪ್‌ನದು ಹೊಂದುತ್ತದೆ: 40 ಆ್ಯಂಪ್‌ನ ನಿರಂತರ ಹರಿವಿಗೆ ಅದು ಹಾರುವುದಿಲ್ಲ, 16 ಚದರ ಮಿಲಿಮೀಟರ್ ತಂತಿ ಅಪಾಯದ ಮಟ್ಟಕ್ಕೆ ಕಾಯುವ ಮೊದಲೇ ಹಾರುತ್ತದೆ.

ಜೋಡಣೆ

ಇಂಜಿನ್ ನಿಲ್ಲಿಸಿ, ಕೈಯ ಉಂಗುರ ಮತ್ತು ಲೋಹದ ಗಡಿಯಾರಗಳನ್ನು ತೆಗೆದಿಟ್ಟು, ಮೂಲ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲನ್ನು ಮೊದಲು ಬಿಚ್ಚಿ. ಪಾಸಿಟಿವನ್ನು ಮೊದಲು ಬಿಚ್ಚಲು ಹೋದರೆ ಸ್ಪ್ಯಾನರಿನ ಇನ್ನೊಂದು ತುದಿ ಬಾಡಿಗೆ ತಾಗಿದ ಕ್ಷಣ ನೇರ ಶಾರ್ಟ್ ಆಗುತ್ತದೆ. ಕೆಲವು ವ್ಯಾನ್‌ಗಳಲ್ಲಿ ಈ ಬ್ಯಾಟರಿ ಚಾಲಕನ ಸೀಟಿನ ಕೆಳಗೋ ಕಾಲಿಡುವ ಜಾಗದ ನೆಲದೊಳಗೋ ಇರುತ್ತದೆ. ಸೀಟಿನ ಕೆಳಗೆ ಕಾಣುವ ಹಳದಿ ಬಣ್ಣದ ಪ್ಲಗ್‌ಗಳು ಸಾಮಾನ್ಯವಾಗಿ ಏರ್‌ಬ್ಯಾಗಿಗೆ ಸೇರಿದವು, ಅವುಗಳ ತಂಟೆಗೆ ಹೋಗಬೇಡಿ.

ಎರಡನೇ ಬ್ಯಾಟರಿಯನ್ನು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಬಾಡಿಯ ಲೋಹಕ್ಕೇ ಬೋಲ್ಟ್ ಹಾಕಿ ಬಿಗಿಯಬೇಕು. ಅಪಘಾತದಲ್ಲಿ 30 ಕಿಲೋದ ವಸ್ತುವನ್ನು ಪ್ಲೈವುಡ್ಡಿಗೆ ಹೊಡೆದ ಸ್ಕ್ರೂಗಳು ಹಿಡಿದಿಡಲಾರವು. ನೀರು ಹಾಕುವ ಬಗೆಯ ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಗಾಳಿಯಲ್ಲಿ ಅದು 4 ಶೇಕಡಾ ಸೇರಿದರೂ ಹೊತ್ತಿಕೊಳ್ಳುತ್ತದೆ. ಮಲಗುವ ಜಾಗದಲ್ಲಿ ಅಂಥದ್ದನ್ನು ಇಡುವುದಾದರೆ ವ್ಯಾನಿನ ಹೊರಕ್ಕೆ ಹೋಗುವ ಕೊಳವೆ ಬೇಕೇ ಬೇಕು. ಚಾರ್ಜರನ್ನು ಗಾಳಿಯಾಡುವಲ್ಲಿ, ಎರಡನೇ ಬ್ಯಾಟರಿಯ ಪಕ್ಕದಲ್ಲೇ ಕೂರಿಸಿ. ಉದ್ದನೆಯ ತಂತಿಯ ನಷ್ಟ ಚಾರ್ಜರಿಗೆ ಬರುವ ಮೊದಲೇ ಮುಗಿಯುತ್ತದೆ, ಬ್ಯಾಟರಿಗೆ ಸರಿಯಾದ ವೋಲ್ಟೇಜ್ ಸಿಗುತ್ತದೆ.

ಪಾಸಿಟಿವ್ ತಂತಿಯನ್ನು ಸುಕ್ಕುಗಟ್ಟಿದ ಪ್ಲಾಸ್ಟಿಕ್ ಕೊಳವೆಯೊಳಗೆ ತೂರಿಸಿ, ಸೈಲೆನ್ಸರ್, ಟರ್ಬೊ ಮತ್ತು ಇಂಧನದ ಪೈಪುಗಳಿಂದ ದೂರವಾಗಿ ಎಳೆಯಿರಿ. ತಗಡಿನಲ್ಲಿ ತೂತು ಕೊರೆದಲ್ಲೆಲ್ಲ, ಅಂಚಿಗೆ ತಂತಿ ಉಜ್ಜದಂತೆ, ರಬ್ಬರ್ ಬಳೆ (ಗ್ರಾಮೆಟ್) ಇರಬೇಕು. ತುದಿಯ ತಾಮ್ರದ ಲಗ್‌ಗಳನ್ನು (ಬೋಲ್ಟಿಗೆ ಸಿಕ್ಕಿಸುವ ಬಳೆಗಳನ್ನು) ಹೈಡ್ರಾಲಿಕ್ ಕ್ರಿಂಪರಿನಿಂದ ಒತ್ತಿ, ಮೇಲೆ ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಹಾಕಿ. ಬೆಸುಗೆ ಹಾಕಿದರೆ ಸೀಸ ಎಳೆಗಳೊಳಗೆ ಹರಿದು ಗಟ್ಟಿಯಾಗಿ, ಅದು ನಿಂತ ಜಾಗದಲ್ಲೇ ತಂತಿ ಮುರಿಯತೊಡಗುತ್ತದೆ.

ಅರ್ತ್ ವಿಷಯದಲ್ಲಿ ಅವಸರ ಬೇಡ. ನೆಗೆಟಿವ್ ತಂತಿಯನ್ನು ಬಾಡಿಗೆ ಸೇರಿಸುವಲ್ಲಿ ಬಣ್ಣ ಮತ್ತು ತುಕ್ಕನ್ನು ಕೆರೆದು ಹೊಳೆಯುವ ಲೋಹ ಕಾಣಿಸುವವರೆಗೆ ಉಜ್ಜಿ, ಹಲ್ಲುಳ್ಳ ವಾಷರ್ ಇಟ್ಟು ಬಿಗಿದು, ಆಮೇಲೆ ಗ್ರೀಸ್ ಬಳಿಯಿರಿ. ಹೊಸ ವ್ಯಾನ್‌ಗಳ ಮೂಲ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ ಕರೆಂಟ್ ಅಳೆಯುವ ಚಿಕ್ಕ ಸೆನ್ಸರ್ ಇರುತ್ತದೆ. ನಿಮ್ಮ ನೆಗೆಟಿವನ್ನು ನೇರ ಕಂಬಕ್ಕೆ ಸೇರಿಸಿದರೆ ಹೊಸ ಬಳಕೆ ಕಂಪ್ಯೂಟರಿನ ಲೆಕ್ಕಕ್ಕೇ ಸಿಗದೆ ಚಾರ್ಜಿಂಗ್ ಏರುಪೇರಾಗುತ್ತದೆ. ಬಾಡಿಯ ಅರ್ತ್ ಬಿಂದುವಿಗೇ ಸೇರಿಸಿ.

ಕೊನೆಗೆ ಚಾರ್ಜರಿಗೆ ಇಗ್ನಿಷನ್ ಅಥವಾ ಆಲ್ಟರ್ನೇಟರ್‌ನ ಡಿ ಪ್ಲಸ್ (ಇಂಜಿನ್ ಓಡುತ್ತಿದೆ ಎಂದು ತಿಳಿಸುವ) ಸಂಕೇತದ ಸಣ್ಣ ತಂತಿ ಕೊಡಿ, ಬ್ಯಾಟರಿಯ ಬಗೆಯನ್ನು ಅದರಲ್ಲಿ ಆರಿಸಿ, ಫ್ಯೂಸ್‌ಗಳನ್ನು ಹಾಕಿ. ನೆಗೆಟಿವ್ ಎಲ್ಲಕ್ಕಿಂತ ಕೊನೆಯಲ್ಲಿ ಮರಳಬೇಕು.

ಪರೀಕ್ಷೆ

ಇಂಜಿನ್ ಚಾಲೂ ಮಾಡುವ ಮೊದಲು ಎರಡೂ ಬ್ಯಾಟರಿಗಳ ವೋಲ್ಟೇಜ್ ಬರೆದಿಟ್ಟುಕೊಳ್ಳಿ. ತುಂಬಿದ ಸೀಸದ ಬ್ಯಾಟರಿ ವಿಶ್ರಾಂತಿಯಲ್ಲಿ 12.7 ತೋರಿಸುತ್ತದೆ, 12.2 ಎಂದರೆ ಅರ್ಧ. ಇಂಜಿನ್ ಓಡುವಾಗ ಹಿಂದಿನದು ಏರುತ್ತಿರಬೇಕು. ಆಗ ಮುಂದಿನ ಪಾಸಿಟಿವ್ ಟರ್ಮಿನಲ್ಲಿಗೂ ಚಾರ್ಜರಿನ ಒಳಬರುವ ಪಾಸಿಟಿವ್ ಬಿಂದುವಿಗೂ ಮೀಟರಿನ ಎರಡು ಕಡ್ಡಿಗಳನ್ನು ಮುಟ್ಟಿಸಿ ನಷ್ಟವನ್ನು ಅಳೆಯಿರಿ. 16 ಚದರ ಮಿಲಿಮೀಟರಿನ 5 ಮೀಟರ್ ತಂತಿಯಲ್ಲಿ ಅದು 0.22 ವೋಲ್ಟ್‌ಗಿಂತ ಬಹಳ ಹೆಚ್ಚಿದ್ದರೆ ಯಾವುದೋ ಲಗ್ ಅಥವಾ ಫ್ಯೂಸಿನ ನಟ್ ಸಡಿಲವಾಗಿದೆ. ಅರ್ಧ ಗಂಟೆಯ ನಂತರ ಇಂಜಿನ್ ನಿಲ್ಲಿಸಿ ಪ್ರತಿ ಜೋಡಣೆಯನ್ನೂ ಎಚ್ಚರಿಕೆಯಿಂದ ಕೈಯಲ್ಲಿ ಮುಟ್ಟಿ ನೋಡಿ: ಬೆಚ್ಚಗಿರುವುದು ಸಹಜ, ಬೆರಳಿಡಲಾಗದಷ್ಟು ಬಿಸಿಯಿರುವುದನ್ನು ಬಿಚ್ಚಿ ಮತ್ತೆ ಮಾಡಬೇಕು. ಒಂದು ರಾತ್ರಿ ಫ್ರಿಜ್ ಮತ್ತು ಫ್ಯಾನನ್ನು ಓಡಲು ಬಿಟ್ಟು ಬೆಳಿಗ್ಗೆ ಮುಂದಿನ ಬ್ಯಾಟರಿಯನ್ನು ಅಳೆದಾಗ ಅದು ಹಿಂದಿನ ಸಂಜೆಯ ಮಟ್ಟದಲ್ಲಿಯೇ ಇರಬೇಕು. ಇಳಿದಿದ್ದರೆ, ಇಂಜಿನ್ ನಿಂತ ಮೇಲೂ ಆ ಸಣ್ಣ ಸಂಕೇತದ ತಂತಿಯಲ್ಲಿ ವಿದ್ಯುತ್ ಉಳಿದು ಚಾರ್ಜರ್ ಎಚ್ಚರವಾಗಿಯೇ ಇರುವ ಸಂಭವ ಹೆಚ್ಚು. ಮೊದಲು ಅದನ್ನೇ ಪರೀಕ್ಷಿಸಿ.