ಎಂಟನೆಯ ಕಾಲಿನಲ್ಲಿ ಒಂಬತ್ತು ವೋಲ್ಟ್ ಇತ್ತು

ಹತ್ತನೆಯ ತರಗತಿಯವರೆಗೆ ನಾನು ಓದಿದ್ದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ. ಅಲ್ಲಿ ವೋಲ್ಟೇಜ್ ಎಂದರೆ ವಿಭವಾಂತರ, ರೆಸಿಸ್ಟರ್ ಎಂದರೆ ರೋಧಕ, ಸೀರಿಸ್ ಎಂದರೆ ಸರಣಿ. ಪಿಯುಸಿಗೆ ಬಂದಾಗ ಈ ಪದಗಳನ್ನೆಲ್ಲ ಹಳೆಯ ಸಮವಸ್ತ್ರದ ಜೊತೆ ಮಡಿಸಿಟ್ಟೆ. ಸಿಇಟಿ ಬರೆದು ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಸೀಟು ಸಿಕ್ಕಾಗಲಂತೂ ಅವುಗಳ ಕೆಲಸ ಮುಗಿಯಿತೆಂದೇ ತಿಳಿದೆ.

ಮೊದಲ ವರ್ಷದ ಬಗ್ಗೆ ಹೇಳುವುದು ಹೆಚ್ಚಿಲ್ಲ. ನಮ್ಮ ವಿಶ್ವವಿದ್ಯಾಲಯವಾದ ವಿಟಿಯು ನಮ್ಮನ್ನು ಭೌತಶಾಸ್ತ್ರ ಸೈಕಲ್, ರಸಾಯನಶಾಸ್ತ್ರ ಸೈಕಲ್ ಎಂದು ಎರಡು ಪಾಲು ಮಾಡಿ, ಮುಂದಿನ ಸೆಮಿಸ್ಟರ್‌ಗೆ ಅದಲುಬದಲು ಮಾಡುತ್ತಿತ್ತು. ಎಲೆಕ್ಟ್ರಾನಿಕ್ಸ್ ಓದಲು ಬಂದವನು ವಾರಗಟ್ಟಲೆ ಷಟ್ಕೋನದ ಪಿರಮಿಡ್ಡನ್ನು ಓರೆಯಾಗಿ ನಿಲ್ಲಿಸಿ ಬಿಡಿಸುತ್ತಿದ್ದೆ. ಅಂಕಗಳು ಚೆನ್ನಾಗಿಯೇ ಬಂದವು. ಆದರೆ ಒಂದು ಎಲ್‌ಇಡಿ ಹೊತ್ತಿಸು ಎಂದು ಯಾರಾದರೂ ಕೇಳಿದ್ದರೆ ಕೈ ನಡುಗುತ್ತಿತ್ತು.

ಆ ನಾಚಿಕೆಯಿಂದಲೇ ಒಂದು ಶನಿವಾರ ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೋದೆ. ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ತಂತಿ ಚುಚ್ಚಿ ಸರ್ಕ್ಯೂಟ್ ಕಟ್ಟುವ ತೂತುಗಳ ಹಲಗೆ), ಅಗ್ಗದ ಹಳದಿ ಮಲ್ಟಿಮೀಟರ್, ಒಂಬತ್ತು ವೋಲ್ಟಿನ ಬ್ಯಾಟರಿ, ಒಂದಿಷ್ಟು ರೆಸಿಸ್ಟರ್, ಸಮಯ ಎಣಿಸುವ ಚಿಪ್ಪಾದ 555 ಟೈಮರ್ ಐಸಿ. ಕೌಂಟರಿನ ಹಿಂದಿದ್ದವರು ‘ಐಸಿ ಎರಡು ತೆಗೆದುಕೊಳ್ಳಪ್ಪ, ಒಂದು ಸುಡುತ್ತೀಯ’ ಎಂದರು. ಸುಟ್ಟಿದ್ದು ಐಸಿಯಲ್ಲ, ಮೀಟರಿನ ಫ್ಯೂಸ್. ಗುಂಡಿಯನ್ನು ಮಿಲಿಆಂಪಿಯರ್ ಕಡೆಗೆ ತಿರುಗಿಸಿ, ‘ಬ್ಯಾಟರಿಯಲ್ಲಿ ಎಷ್ಟು ಕರೆಂಟ್ ಇದೆ ನೋಡೋಣ’ ಎಂದು ಎರಡೂ ಪ್ರೋಬುಗಳನ್ನು ಅದರ ತಲೆಗೆ ಒತ್ತಿದೆ. ಆ ಸ್ಥಾನದಲ್ಲಿ ಮೀಟರ್ ಹೆಚ್ಚುಕಡಿಮೆ ಒಂದು ತುಂಡು ತಂತಿಯಿದ್ದ ಹಾಗೆ. ಬ್ಯಾಟರಿಯನ್ನು ನಾನೇ ಶಾರ್ಟ್ ಮಾಡಿದ್ದೆ. ಕರೆಂಟನ್ನು ಅಳೆಯಬೇಕಾದರೆ ಸರ್ಕ್ಯೂಟನ್ನು ಕತ್ತರಿಸಿ ಮೀಟರನ್ನು ಸರಣಿಯಲ್ಲಿ ಸೇರಿಸಬೇಕು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದವನೂ ನಾನೇ.

ಫ್ಯೂಸ್ ಬದಲಾಯಿಸಿ 555ಕ್ಕೆ ಕೈ ಹಾಕಿದೆ. 1972ರಿಂದ ಮಾರುಕಟ್ಟೆಯಲ್ಲಿರುವ, ಎಂಟು ಕಾಲಿನ ಮುದುಕ ಐಸಿ ಇದು; ಹೊಸಬರ ತಪ್ಪುಗಳನ್ನೆಲ್ಲ ಸಹಿಸುತ್ತದೆ. 10 ಕಿಲೋ ಓಮ್, 68 ಕಿಲೋ ಓಮ್ ರೆಸಿಸ್ಟರುಗಳು, 10 ಮೈಕ್ರೋಫ್ಯಾರಡ್ ಕೆಪಾಸಿಟರ್. ಲೆಕ್ಕದ ಪ್ರಕಾರ ಎಲ್‌ಇಡಿ ಸೆಕೆಂಡಿಗೊಮ್ಮೆ ಮಿನುಗಬೇಕು. ಮಿನುಗಲಿಲ್ಲ. ಐಸಿ ಬದಲಾಯಿಸಿದೆ, ಎಲ್‌ಇಡಿ ತಿರುಗಿಸಿದೆ, ವೈರುಗಳನ್ನೆಲ್ಲ ಕಿತ್ತು ಮತ್ತೆ ಚುಚ್ಚಿದೆ. ಹಾಸ್ಟೆಲಿನಲ್ಲಿ ರಾತ್ರಿ ಊಟದ ಗಂಟೆ ಹೊಡೆದರೂ ಏಳಲಿಲ್ಲ.

ಮೀಟರಿನ ಕಪ್ಪು ಪ್ರೋಬನ್ನು ಬ್ಯಾಟರಿಯ ಮೈನಸ್‌ಗೆ ಸಿಕ್ಕಿಸಿ, ಕೆಂಪನ್ನು ಐಸಿಯ ಎಂಟನೆಯ ಕಾಲಿಗೆ ಇಟ್ಟೆ; 555ರಲ್ಲಿ ಪ್ಲಸ್ ಸೇರಬೇಕಾದದ್ದು ಎಂಟಕ್ಕೆ, ಮೈನಸ್ ಒಂದಕ್ಕೆ. ಒಂಬತ್ತು ವೋಲ್ಟ್ ತೋರಿಸಿತು. ಸಪ್ಲೈ ಸರಿಯಿದೆ ಎಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡೆ. ಆ ಗುರುತೇ ನನ್ನನ್ನು ಎರಡು ಗಂಟೆ ಸುತ್ತಾಡಿಸಿತು.

ಮೂಲೆಯ ಕೊಠಡಿಯ ಸೀನಿಯರ್ ಬಂದು ನೋಡಿದರು. ಏನನ್ನೂ ಮುಟ್ಟಲಿಲ್ಲ. ‘ಎಂಟರಲ್ಲಿ ಒಂಬತ್ತು ವೋಲ್ಟ್ ಎನ್ನುತ್ತೀಯಲ್ಲ, ಎಲ್ಲಿಂದ ಒಂಬತ್ತು?’ ಎಂದು ಕೇಳಿದರು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಕಪ್ಪು ಪ್ರೋಬನ್ನು ಬ್ಯಾಟರಿಯಿಂದ ತೆಗೆಸಿ, ಐಸಿಯ ಒಂದನೆಯ ಕಾಲಿಗೇ ಇಡಿಸಿದರು. ಕೆಂಪು ಎಂಟರ ಮೇಲೆಯೇ ಇತ್ತು. ಮೀಟರ್ ಸೊನ್ನೆ ತೋರಿಸಿತು. ಆಮೇಲೆ ಬ್ಯಾಟರಿಯ ಮೈನಸ್ಸಿನಿಂದ ಒಂದನೆಯ ಕಾಲಿಗೆ ಅಳೆದಾಗ, ಸೊನ್ನೆ ಇರಬೇಕಾದ ಕಡೆ ಏಳೆಂಟು ವೋಲ್ಟ್! ಗ್ರೌಂಡ್, ಅಂದರೆ ಬ್ಯಾಟರಿಯ ಮೈನಸ್ಸಿಗೆ ಸೇರಿದ್ದು ಎಂದು ನಾನು ಕರೆಯುತ್ತಿದ್ದ ಗೆರೆ ಗ್ರೌಂಡೇ ಆಗಿರಲಿಲ್ಲ. ಕೆಲವು ಬ್ರೆಡ್‌ಬೋರ್ಡುಗಳಲ್ಲಿ ಅಂಚಿನ ಉದ್ದನೆಯ ಪಟ್ಟಿ ಒಂದೇ ಅಲ್ಲ, ನಟ್ಟನಡುವೆ ತುಂಡಾಗಿರುತ್ತದೆ. ಮೇಲೆ ಎಳೆದ ನೀಲಿ ಗೆರೆಯಲ್ಲೂ ಅಲ್ಲಿ ಒಂದು ಸಣ್ಣ ಬಿಡುವು ಇರುತ್ತದೆ. ಪ್ಲಸ್ಸನ್ನು ಬ್ಯಾಟರಿಯಿಂದ ನೇರವಾಗಿ ಐಸಿಗೆ ಎಳೆದಿದ್ದೆ. ಮೈನಸ್ಸು ಎಡ ಅರ್ಧದಲ್ಲೇ ಉಳಿದಿತ್ತು, ಐಸಿ ಕುಳಿತಿದ್ದು ಬಲಕ್ಕೆ.

ಎರಡು ಇಂಚಿನ ತಂತಿಯಿಂದ ಆ ಬಿಡುವನ್ನು ದಾಟಿಸಿದೆ. ಎಲ್‌ಇಡಿ ಮಿನುಗಿತು. ನನಗೆ ಖುಷಿಗಿಂತ ಹೆಚ್ಚಾಗಿ ಮುಖಕ್ಕೆ ಹೊಡೆದ ಹಾಗೆ ನೆನಪಾದದ್ದು ಶಾಲೆಯ ಪದ: ವಿಭವಾಂತರ. ಅಂತರ! ವೋಲ್ಟೇಜ್ ಎಂಬ ಪದ, ಅದು ಒಂದು ಜಾಗದಲ್ಲಿ ಕುಳಿತಿರುವ ವಸ್ತು ಎನ್ನುವ ಹಾಗೆ ನನ್ನನ್ನು ನಂಬಿಸಿತ್ತು. ಕನ್ನಡದ ಪದ ಎರಡು ತುದಿಗಳನ್ನು ತನ್ನೊಳಗೇ ಇಟ್ಟುಕೊಂಡಿತ್ತು. ಇಂಗ್ಲಿಷಿನ ಪಠ್ಯದಲ್ಲೂ ಇದೇ ವಿವರಣೆ ಇತ್ತು, ನಿಜ, ಓದಿದವನಿಗೆ ಕೇಳಿಸಿರಲಿಲ್ಲ.

ಅಂದಿನಿಂದ ನನ್ನ ಲ್ಯಾಬ್ ಪುಸ್ತಕದಲ್ಲಿ ‘ಎಂಟು: ಒಂಬತ್ತು ವೋಲ್ಟ್’ ಎಂದು ಬರೆಯುವುದನ್ನು ಬಿಟ್ಟೆ. ‘ಒಂದರಿಂದ ಎಂಟಕ್ಕೆ’ ಎಂದು ಬರೆಯುತ್ತೇನೆ, ಈಗಲೂ. ಯಾವ ಐಸಿ ಮುನಿಸಿಕೊಂಡರೂ ಮೊದಲು ಎರಡೂ ಪ್ರೋಬುಗಳನ್ನು ಅದರ ಸ್ವಂತ ಕಾಲುಗಳ ಮೇಲೆಯೇ ಇಡುತ್ತೇನೆ. ಎರಡನೆಯ ವರ್ಷದಲ್ಲಿ ಮೋಟರಿಗೊಂದು ಬ್ಯಾಟರಿ, ಮೈಕ್ರೋಕಂಟ್ರೋಲರಿಗೊಂದು ಬ್ಯಾಟರಿ ಇಟ್ಟು ಎರಡರ ಮೈನಸ್ಸನ್ನು ಸೇರಿಸಲು ಮರೆತ ಗೆಳೆಯರಿಗೆಲ್ಲ ಇದರಿಂದಲೇ ಉಪಕಾರ ಮಾಡಿದೆ.

ದಸರಾ ರಜೆಗೆ ಊರಿಗೆ ಹೋದಾಗ ತೋಟದ ಐದು ಎಚ್‌ಪಿ ಮೋಟರ್ ಗುಂಯ್ ಎನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಅಪ್ಪ ಸ್ಟಾರ್ಟರ್ ಆಫ್ ಮಾಡಿ ಮೆಕ್ಯಾನಿಕ್ಕನ್ನು ಕರೆಸಿದ್ದರು. ಅವರ ಚೀಲದಲ್ಲಿದ್ದ ಟೆಸ್ಟ್ ಲ್ಯಾಂಪಿನಲ್ಲಿ ಒಂದಲ್ಲ, ಸರಣಿಯಲ್ಲಿ ಕಟ್ಟಿದ ಎರಡು ಬಲ್ಬುಗಳಿದ್ದವು. ಯಾಕೆಂದು ಕೇಳಿದೆ.

‘ಫೇಸಿಗೂ ನ್ಯೂಟ್ರಲ್‌ಗೂ ಮಧ್ಯೆ ಆದರೆ ಒಂದು ಸಾಕಪ್ಪ. ಎರಡು ಫೇಸಿನ ಮಧ್ಯೆ ಒಂದೇ ಹಿಡಿದರೆ ಢಬ್ ಎನ್ನುತ್ತದೆ.’

ಫೇಸಿಗೂ ನ್ಯೂಟ್ರಲ್‌ಗೂ 240 ವೋಲ್ಟ್, ಎರಡು ಫೇಸಿಗೆ 415 ಎಂದು ತರಗತಿಯಲ್ಲಿ ಬರೆಸಿದ್ದರು, ನಡುವಿನ ಮೂರರ ವರ್ಗಮೂಲದ ಸಮೇತ. ಈ ಮನುಷ್ಯ ಮಾತುಮಾತಿಗೂ ‘ಮಧ್ಯೆ’ ಎನ್ನುತ್ತಿದ್ದರು. ಕೆಂಪು, ಹಳದಿ ಫೇಸುಗಳ ಮಧ್ಯೆ ಹಿಡಿದರು. ಬಲ್ಬುಗಳು ತುಸು ಮಂಕಾಗಿ ಹತ್ತಿದವು.

‘ಏನಪ್ಪಾ ಇಂಜಿನಿಯರೇ, ಯಾಕೆ ಮಂಕು?’

‘ಒಂದೊಂದು ಬಲ್ಬಿಗೆ 415ರಲ್ಲಿ ಅರ್ಧ ಅಣ್ಣ, 207 ಚಿಲ್ಲರೆ.’

‘ಸರಿ.’ ಒಂದು ತಂತಿಯನ್ನು ನೀಲಿಗೆ ಸರಿಸಿದರು. ಹತ್ತಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಮೇನ್ ಆಫ್ ಮಾಡಿ, ನೀಲಿಯ ಫ್ಯೂಸ್ ಕಿತ್ತು ನನ್ನ ಅಂಗೈಗೆ ಹಾಕಿದರು. ಒಳಗಿನ ತಂತಿ ಕರಗಿ ಎರಡು ಕರಿಯ ಗುಂಡುಗಳಾಗಿ ನಿಂತಿತ್ತು.